ಮುಂದಿನ ಲೆನ್ಸ್ ಯಾವುದು? ಜೇಬು, ಬೆಳಕು ಮತ್ತು ಸ್ವಲ್ಪ ಲೆಕ್ಕ

ನವೆಂಬರ್ ಬಂತೆಂದರೆ ಕ್ಯಾಮೆರಾ ಹುಚ್ಚಿರುವವರ ಜೇಬಿಗೆ ಅಪಾಯ. ತಿಂಗಳ ಮೊದಲ ದಿನ ರಾಜ್ಯೋತ್ಸವ. ಅದರ ಆಸುಪಾಸಿನ ವಾರಾಂತ್ಯಗಳಲ್ಲಿ ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್ ಕಡೆಯ ಪಂಪ ಕನ್ನಡ ಕೂಟ, ಜೊತೆಗೆ ನಮ್ಮಂಥ ವಿದ್ಯಾರ್ಥಿ ಸಂಘಗಳು ಅಂತ ಯಾವುದೋ ಹೈಸ್ಕೂಲ್ ಆಡಿಟೋರಿಯಂನಲ್ಲಿ ಹಾಡು, ಕುಣಿತ, ನಾಟಕ. ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಮಾರನೇ ದಿನ ಬ್ಲ್ಯಾಕ್ ಫ್ರೈಡೇ. ಕಾರ್ಯಕ್ರಮದ ಫೋಟೋ ಮಸುಕಾಗಿ ಬಂದ ಬೇಜಾರು ಇನ್ನೂ ಹಸಿಯಾಗಿರುವಾಗಲೇ "ಕ್ಯಾಮೆರಾ ಮೇಲೆ ಭಾರಿ ರಿಯಾಯಿತಿ" ಅಂತ ಇಮೇಲ್ ಬಂದು ಕೂರುತ್ತೆ.

ಆಗ ಜೂನಿಯರ್‌ಗಳು ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ಫುಲ್ ಫ್ರೇಮ್ ತಗೊಂಡುಬಿಡ್ಲಾ?" ನಾನು ತಿರುಗಿ ಕೇಳೋದು: "ಹೋದ ವರ್ಷದ ಯಾವ ಫೋಟೋ ಕೆಟ್ಟಿತ್ತು, ಯಾಕೆ ಕೆಟ್ಟಿತ್ತು?" ಈ ಲೇಖನ ಆ ಮಾತಿನ ವಿಸ್ತರಣೆ. ಟೀಚಿಂಗ್ ಅಸಿಸ್ಟೆಂಟ್ ಸಂಬಳದಲ್ಲಿ ಆರು ತಿಂಗಳು ಉಳಿಸಿದರೆ ನನ್ನ ಕೈಯಲ್ಲಿ ಇರೋದು ಸುಮಾರು 700 ಡಾಲರ್. ಅದು ಒಂದು ಸಲ ಖರ್ಚಾದರೆ ಮುಂದಿನ ವರ್ಷದ ತನಕ ಕೈ ಕಟ್ಟಿ ಕೂರಬೇಕು. ಇನ್ನೊಂದು ಕಡೆ, ಸ್ಟೇಜ್ ಮೇಲೆ ಮೊದಲ ಸಲ ಕನ್ನಡದಲ್ಲಿ ಪದ್ಯ ಹೇಳೋ ಐದು ವರ್ಷದ ಮಗು ಇದೆಯಲ್ಲ, ಅದರ ಅಜ್ಜಿ ತಿಪಟೂರಲ್ಲೋ ಸಾಗರದಲ್ಲೋ ಫೋನ್ ಹಿಡ್ಕೊಂಡು ಕಾಯ್ತಿರ್ತಾರೆ. ಆ ಪದ್ಯಕ್ಕೆ ರೀಟೇಕ್ ಇಲ್ಲ. ಹಾಗಾಗಿ ಸ್ವಲ್ಪ ಲೆಕ್ಕ ಹಾಕೋದು ಒಳ್ಳೇದು.

ನಿಮ್ಮ ಹಳೇ ಫೋಟೋಗಳೇ ಮೊದಲ ಪಾಠ

ಪ್ರತಿ ಡಿಜಿಟಲ್ ಫೋಟೋದ ಒಳಗೂ ಅದನ್ನು ತೆಗೆದ ಫೋಕಲ್ ಲೆಂತ್, ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ಎಲ್ಲ ಬರೆದಿರುತ್ತೆ. ಇದಕ್ಕೆ ಎಕ್ಸಿಫ್ ಅಂತಾರೆ. ಲೈಟ್‌ರೂಮ್ ಇದ್ದರೆ ಸರಿ, ಇಲ್ಲದಿದ್ದರೆ ಪುಕ್ಕಟೆ ಸಿಗುವ ಡಿಜಿಕ್ಯಾಮ್‌ನಲ್ಲಿ ಒಂದು ವರ್ಷದ ಫೋಟೋಗಳನ್ನು ಹಾಕಿ, ಫೋಕಲ್ ಲೆಂತ್ ಪ್ರಕಾರ ನೋಡಿ. 18–55 ಮಿಮೀ ಕಿಟ್ ಲೆನ್ಸ್ ಇರುವವರಲ್ಲಿ ಹೆಚ್ಚಿನವರ ಫೋಟೋಗಳು ಎರಡು ತುದಿಗೆ ಗುಂಪಾಗಿರುತ್ತವೆ: ಒಂದು 18ಕ್ಕೆ, ಇನ್ನೊಂದು 55ಕ್ಕೆ. 55ರಲ್ಲಿ ರಾಶಿ ಬಿದ್ದಿದ್ದರೆ ನೀವು ಇನ್ನೂ ಹತ್ತಿರ ಹೋಗೋಕೆ ಒದ್ದಾಡಿದ್ದೀರಿ ಅಂತ ಅರ್ಥ. 18ರಲ್ಲಿ ರಾಶಿ ಬಿದ್ದಿದ್ದರೆ ಗೋಡೆಗೆ ಬೆನ್ನು ಹಚ್ಚಿ ನಿಂತು ಊಟದ ಹಾಲ್‌ನ ಗ್ರೂಪ್ ಫೋಟೋ ತೆಗೆದಿದ್ದೀರಿ.

ನನ್ನದರಲ್ಲಿ 55ರ ರಾಶಿಯೇ ದೊಡ್ಡದು. ಅದರಲ್ಲೂ ಕೆಟ್ಟಿದ್ದೆಲ್ಲ ಸ್ಟೇಜ್ ಫೋಟೋಗಳು. ಅಲ್ಲಿಂದ ಶುರು ಮಾಡೋಣ.

ಹತ್ತನೇ ಸಾಲಿನಿಂದ ಸ್ಟೇಜ್‌ವರೆಗೆ

ಒಂದು ಸುಲಭದ ಸೂತ್ರ ಇದೆ. ಚೌಕಟ್ಟಿನಲ್ಲಿ ಎಷ್ಟು ಎತ್ತರ ಹಿಡಿಯುತ್ತೆ ಅನ್ನೋದಕ್ಕೆ ದೂರವನ್ನು ಸೆನ್ಸರ್‌ನ ಅಳತೆಯಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಬೇಕು. ನಿಕಾನ್, ಸೋನಿಗಳ ಎಪಿಎಸ್-ಸಿ ಸೆನ್ಸರ್ ಸುಮಾರು 23.5 × 15.6 ಮಿಮೀ (ಕ್ಯಾನನ್‌ದು ಒಂಚೂರು ಚಿಕ್ಕದು). ಕ್ಯಾಮೆರಾ ಉದ್ದುದ್ದ ಹಿಡಿದು, 12 ಮೀಟರ್ ದೂರದಲ್ಲಿ ಕೂತು 55 ಮಿಮೀಗೆ ಇಟ್ಟರೆ, 12 × 23.5 ÷ 55, ಅಂದರೆ 5.1 ಮೀಟರ್ ಎತ್ತರ ಹಿಡಿಯುತ್ತೆ. ಭರತನಾಟ್ಯದ ಹುಡುಗಿಯ ಎತ್ತರ 1.6 ಮೀಟರ್. ಅವಳು ಚೌಕಟ್ಟಿನ ಮೂರನೇ ಒಂದು ಭಾಗದಷ್ಟು ಮಾತ್ರ. ಉಳಿದದ್ದೆಲ್ಲ ಕಪ್ಪು ಪರದೆ ಮತ್ತು ಮುಂದಿನ ಸಾಲಿನ ಅಂಕಲ್‌ನ ತಲೆ.

ಎತ್ತಿದ ಕೈಗೂ ಕಾಲಿನ ಕೆಳಗಿನ ಜಾಗಕ್ಕೂ ಸೇರಿ 2.4 ಮೀಟರ್ ಬೇಕು ಅಂದುಕೊಳ್ಳಿ. ಸೂತ್ರ ತಿರುಗಿಸಿ ಹಾಕಿದರೆ 12 ಮೀಟರ್‌ಗೆ ಬೇಕಾದ್ದು ಸುಮಾರು 117 ಮಿಮೀ. 85 ಮಿಮೀ ಲೆನ್ಸ್ ಇದ್ದರೆ 8.7 ಮೀಟರ್ ದೂರದಲ್ಲಿ ಇದೇ ಚೌಕಟ್ಟು ಸಿಗುತ್ತೆ. ಮೂರು ನಾಲ್ಕು ಸಾಲು ಮುಂದೆ ಬಂದು ಕೂತರೆ ಆಯ್ತು. ನಾಲ್ಕು ಸಾಲಿಗೆ ದುಡ್ಡು ಕೊಡಬೇಕಾಗಿಲ್ಲ, ಕಾರ್ಯದರ್ಶಿಗಳ ಹತ್ತಿರ ಮೊದಲೇ ಹೇಳಿಟ್ಟರೆ ಸಾಕು.

ಈಗ ಬೆಳಕು. ಕಿಟ್ ಲೆನ್ಸ್ 55 ಮಿಮೀಯಲ್ಲಿ ತೆರೆಯೋದು ಎಫ್/5.6ರ ತನಕ ಮಾತ್ರ. ಸಾಧಾರಣ ಸ್ಟೇಜ್ ಬೆಳಕಿಗೆ ಐಎಸ್‌ಒ 3200 ಇಟ್ಟರೂ 1/60 ಸೆಕೆಂಡ್ ಬೇಕಾಗುತ್ತೆ ಅಂದುಕೊಳ್ಳಿ. 1/60ರಲ್ಲಿ ನಿಂತು ಹಾಡುವವರು ಚೆನ್ನಾಗಿ ಬರ್ತಾರೆ, ಕುಣಿಯುವವರ ಕೈ ಹೊಗೆಯ ಹಾಗೆ ಬರುತ್ತೆ. ನೃತ್ತಕ್ಕೆ 1/250 ಬೇಕು. ಯಕ್ಷಗಾನದ ದಿಗಿಣಕ್ಕೆ 1/500 ಇದ್ದರೆ ವಾಸಿ. ಎಫ್ ಸಂಖ್ಯೆಯ ಅನುಪಾತವನ್ನು ವರ್ಗ ಮಾಡಿದರೆ ಬೆಳಕಿನ ಅನುಪಾತ ಸಿಗುತ್ತೆ: 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 9.7. ಅಂದರೆ ಎಫ್/1.8 ಲೆನ್ಸ್ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ. ಅದರಲ್ಲಿ ನಾಲ್ಕು ಪಟ್ಟನ್ನು 1/250ಕ್ಕೆ ಖರ್ಚು ಮಾಡಿದರೂ ಐಎಸ್‌ಒ 3200ರಿಂದ ಸುಮಾರು 1300ಕ್ಕೆ ಇಳಿಸುವಷ್ಟು ಉಳಿಯುತ್ತೆ.

ಇದನ್ನೇ ಫುಲ್ ಫ್ರೇಮ್ ಕನಸಿನ ಪಕ್ಕ ಇಟ್ಟು ನೋಡಿ. ಫುಲ್ ಫ್ರೇಮ್ ಸೆನ್ಸರ್ 36 × 24 ಮಿಮೀ. ವಿಸ್ತೀರ್ಣದಲ್ಲಿ ಎಪಿಎಸ್-ಸಿಗಿಂತ 2.4 ಪಟ್ಟು ದೊಡ್ಡದು, ಸ್ಟಾಪ್ ಲೆಕ್ಕದಲ್ಲಿ ಒಂದೂಕಾಲು. ಲೆನ್ಸ್ ಬದಲಿಸಿದ್ದಕ್ಕೆ ಸಿಕ್ಕಿದ್ದು ಮೂರು ಸ್ಟಾಪ್‌ಗೂ ಹೆಚ್ಚು. ಅದರ ಮೇಲೆ, ಅದೇ ಸೀಟಿನಿಂದ ಅದೇ ಚೌಕಟ್ಟು ಬೇಕೆಂದರೆ ಫುಲ್ ಫ್ರೇಮ್‌ಗೆ ಒಂದೂವರೆ ಪಟ್ಟು ಉದ್ದದ ಲೆನ್ಸ್ ಬೇಕು. ಹೊಸ ಬಾಡಿಗೆ ಎಲ್ಲ ದುಡ್ಡೂ ಹಾಕಿ, ಮುಂದೆ ಎಫ್/5.6 ಲೆನ್ಸನ್ನೇ ಸಿಕ್ಕಿಸಿಕೊಂಡವರಿಗೆ ಕುಣಿತದ ಫೋಟೋದಲ್ಲಿ ಆಗುವ ಲಾಭ ಅಷ್ಟಕ್ಕಷ್ಟೇ. ನನ್ನ ಮಟ್ಟಿಗೆ ಈ ವಾದ ಇಲ್ಲಿಗೇ ಮುಗಿದಿದೆ.

ಎಫ್/1.8ಕ್ಕೂ ಒಂದು ಬೆಲೆ ಇದೆ, ಅದನ್ನು ಮುಚ್ಚಿಡಬಾರದು. 85 ಮಿಮೀಯಲ್ಲಿ 9 ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿರುವ ಆಳ ಸುಮಾರು 80 ಸೆಂಟಿಮೀಟರ್. ಒಬ್ಬಳೇ ಕುಣಿಯುತ್ತಿದ್ದರೆ ಸಾಕು; ಎರಡು ಸಾಲಿನಲ್ಲಿ ನಿಂತ ಕೋಲಾಟದ ತಂಡಕ್ಕೆ ಸಾಲದು, ಎಫ್/4ಕ್ಕೆ ಹೋಗಬೇಕು, ಆಗ 1.8 ಮೀಟರ್ ಸಿಗುತ್ತೆ. ಅದೇ ಲೆನ್ಸಿನಲ್ಲಿ 2 ಮೀಟರ್ ದೂರದ ಮಗುವಿನ ಮುಖ ತೆಗೆದರೆ ಆಳ ಬರೀ 4 ಸೆಂಟಿಮೀಟರ್. ಕಣ್ಣು ಸ್ಪಷ್ಟ, ಕಿವಿಯ ಲೋಲಾಕು ಮಂಜು. ಅಮ್ಮ ಆ ಲೋಲಾಕು ತೋರಿಸೋಕೇ ಫೋಟೋ ತೆಗೆಸಿದ್ದರೆ ಬೈಸಿಕೊಳ್ಳೋಕೆ ಸಿದ್ಧರಾಗಿ.

"70–200 ಎಫ್/2.8 ಇದ್ದರೆ ಎಲ್ಲ ಒಂದರಲ್ಲೇ ಆಗುತ್ತಲ್ಲ?" ಆಗುತ್ತೆ. ಕಿರೀಟ ಕಟ್ಟಿದ ವೇಷ ಒಂದು ಕ್ಷಣ ಸ್ಟೇಜ್ ತುಂಬ ಇರುತ್ತೆ, ಮರುಕ್ಷಣ ಮುಖದ ಬಣ್ಣ ಮಾತ್ರ ಬೇಕು ಅನ್ನಿಸುತ್ತೆ. ಅಲ್ಲಿ ಜೂಮ್‌ಗೆ ಸಾಟಿ ಇಲ್ಲ. ಆದರೆ ಕಂಪನಿಗಳ ಹೊಸ ಲೆನ್ಸ್ 2000 ಡಾಲರ್ ದಾಟುತ್ತೆ, ಹಳೇ ಡಿಎಸ್‌ಎಲ್‌ಆರ್ ಮಾದರಿಗಳ ತೂಕ ಒಂದೂವರೆ ಕಿಲೋ. ವರ್ಷಕ್ಕೆ ಮೂರು ಕಾರ್ಯಕ್ರಮಕ್ಕಾದರೆ ವಾರಾಂತ್ಯಕ್ಕೆ ಬಾಡಿಗೆಗೆ ತರೋದು ಜಾಣತನ.

ಒಂದು ಸಣ್ಣ ವಿಷಯ, ಯಾರೂ ಹೇಳಲ್ಲ. ಇಲ್ಲಿನ ಕರೆಂಟ್ 60 ಹರ್ಟ್ಸ್, ಊರಲ್ಲಿ 50. ದೀಪ ಇಲ್ಲಿ ಸೆಕೆಂಡಿಗೆ 120 ಸಲ ಮಿಡಿದರೆ ಅಲ್ಲಿ 100 ಸಲ. ವಿಡಿಯೋದಲ್ಲಿ ಪಟ್ಟೆ ಪಟ್ಟೆ ಬಂದರೆ ಇಲ್ಲಿ 1/60 ಅಥವಾ 1/120, ಊರಿನ ಮದುವೆ ಛತ್ರದಲ್ಲಿ 1/50 ಅಥವಾ 1/100 ಇಟ್ಟು ನೋಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಎಲ್‌ಇಡಿ ದೀಪದ ಕೆಳಗೆ ಇನ್ನೂ ಹೆಚ್ಚು ಪಟ್ಟೆ ಹಾಕುತ್ತೆ. ಇದಕ್ಕೆ ಹೊಸ ಲೆನ್ಸ್ ಮದ್ದಲ್ಲ.

ಹೊರಗಡೆ ಹೋದಾಗ

ಶಿಕಾಗೋದ ಕಟ್ಟಡಗಳಿಗೆ, ಡೆಟ್ರಾಯಿಟ್‌ನ ಮಿಷಿಗನ್ ಸೆಂಟ್ರಲ್ ಸ್ಟೇಷನ್‌ಗೆ (1913ರಲ್ಲಿ ತೆರೆದು, 1988ರಲ್ಲಿ ಕೊನೆಯ ರೈಲು ಬಿಟ್ಟು, ಪಾಳುಬಿದ್ದು, ಫೋರ್ಡ್ ಕಂಪನಿ 2018ರಲ್ಲಿ ಕೊಂಡು ದುರಸ್ತಿ ಮಾಡಿ 2024ರ ಜೂನ್‌ನಲ್ಲಿ ಮತ್ತೆ ತೆರೆದದ್ದು) ಕಿಟ್ ಲೆನ್ಸಿನ 18 ಮಿಮೀ ಸಾಕು. ಕಟ್ಟಡ ಓಡಿಹೋಗಲ್ಲ, ನಿಧಾನ ಶಟರ್ ನಡೆಯುತ್ತೆ. ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ನಲ್ಲಿ ಡಿಯೇಗೊ ರಿವೇರಾ 1932–33ರಲ್ಲಿ ಬರೆದ ಕಾರ್ಖಾನೆಯ ಭಿತ್ತಿಚಿತ್ರಗಳಿಗೂ ಇದೇ ಮಾತು. ಡೆಟ್ರಾಯಿಟ್‌ನ ಸ್ಕೈಲೈನ್ ಚೆಂದ ಕಾಣೋದು ನದಿಯಾಚೆಯ ಕೆನಡಾದ ವಿಂಡ್ಸರ್‌ನಿಂದ. ನಮ್ಮ ಪಾಸ್‌ಪೋರ್ಟ್‌ಗೆ ಅಲ್ಲಿಗೆ ವೀಸಾ ಬೇಕು, ಲೆನ್ಸ್‌ಗಿಂತ ಅದು ಕಷ್ಟ. ಬೆಲ್ ಐಲ್ ದ್ವೀಪದಿಂದಲೂ ಸಿಗುತ್ತೆ ಬಿಡಿ.

ಹಕ್ಕಿಗಳದ್ದು ಬೇರೆ ಕಥೆ. ಶಿಕಾಗೋದ ಮಾಂಟ್ರೋಸ್ ಪಾಯಿಂಟ್‌ನಲ್ಲಿ ಮೇ ತಿಂಗಳು ವಲಸೆ ಹಕ್ಕಿಗಳ ಜಾತ್ರೆ. ಸೆಪ್ಟೆಂಬರ್‌ನಲ್ಲಿ ಡೆಟ್ರಾಯಿಟ್ ನದಿ ಈರೀ ಸರೋವರ ಸೇರುವ ಕಡೆ ಗಿಡುಗಗಳು ಗುಂಪು ಗುಂಪಾಗಿ ತೆಂಕಣಕ್ಕೆ ಹೋಗ್ತವೆ. 15 ಸೆಂಟಿಮೀಟರ್ ಹಕ್ಕಿ 10 ಮೀಟರ್ ದೂರದಲ್ಲಿದ್ದರೆ 250 ಮಿಮೀ ಲೆನ್ಸ್ ಅದನ್ನು ಸೆನ್ಸರ್ ಮೇಲೆ 3.75 ಮಿಮೀ ಮಾಡಿ ಕೂರಿಸುತ್ತೆ; 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಸುಮಾರು 950 ಪಿಕ್ಸೆಲ್. ಈ ಕಿರುಹೊತ್ತಿಗೆಯ ಅರ್ಧ ಪುಟಕ್ಕೆ ಅಷ್ಟು ಸಾಕು. 600 ಮಿಮೀ ಆದರೆ 2300 ಪಿಕ್ಸೆಲ್, ಜೊತೆಗೆ ಸುಮಾರು ಎರಡು ಕಿಲೋ ಹೊರೆ. ಮೂಡಿಗೆರೆಯ ತೋಟದ ಸುತ್ತಮುತ್ತ ಹಕ್ಕಿ ಹಿಡಿದ ಪೂರ್ಣಚಂದ್ರ ತೇಜಸ್ವಿ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರೆಲ್ಲ ಫಿಲ್ಮ್ ಕಾಲದವರು. ರೋಲಿಗೆ 36 ಚಿತ್ರ ಅಷ್ಟೇ, ತೊಳೆಸಿ ನೋಡುವ ತನಕ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಹಕ್ಕಿಯ ಹತ್ತಿರ ಹೋಗೋದಕ್ಕೆ ಅವರಿಗೆ ತಾಳ್ಮೆಯೂ ಒಂದು ಲೆನ್ಸ್ ಆಗಿತ್ತು.

ಶಿಕಾಗೋದವರಿಗೆ ಇನ್ನೊಂದು ಹೆಸರು ಗೊತ್ತಿರಬೇಕು: ವಿವಿಯನ್ ಮೇಯರ್. ಮನೆಮನೆಯ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸ, ಕುತ್ತಿಗೆಗೆ ರೋಲೈಫ್ಲೆಕ್ಸ್ ಕ್ಯಾಮೆರಾ. ಬದಲಿಸೋಕೆ ಬಾರದ ಒಂದೇ ಲೆನ್ಸ್, ರೋಲಿಗೆ 12 ಚೌಕ ಚಿತ್ರ. 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಿಗೆ ಬಂದವು, ಲೋಕಕ್ಕೆ ಗೊತ್ತಾಗಿದ್ದು ಅದಾದ ಮೇಲೆ. ಅವರು ತೀರಿಕೊಂಡಿದ್ದು 2009ರಲ್ಲಿ. ಲಕ್ಷಕ್ಕೂ ಹೆಚ್ಚು ನೆಗೆಟಿವ್‌ಗಳು. ಇದನ್ನು ಓದಿ ಕ್ಯಾಮೆರಾ ಬ್ಯಾಗ್ ನೋಡಿಕೊಂಡರೆ ಸ್ವಲ್ಪ ನಾಚಿಕೆ ಆಗುತ್ತೆ, ಆಮೇಲೆ ಹೋಗುತ್ತೆ.

ಸೆಕೆಂಡ್ ಹ್ಯಾಂಡ್, ಮಾವನ ಲೆನ್ಸ್, ಚಳಿ

ಲೆನ್ಸ್‌ಗಳನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಹೆದರಬೇಡಿ. 1899ರಿಂದ ಹೆಸರು ಮಾಡಿರುವ, ಶಿಕಾಗೋದ ವಾಬಾಶ್ ಅವೆನ್ಯೂದ ಸೆಂಟ್ರಲ್ ಕ್ಯಾಮೆರಾದಂಥ ಅಂಗಡಿಗೆ ಹೋದರೆ ಕೈಯಲ್ಲಿ ಹಿಡಿದು ನೋಡಬಹುದು. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ: ಧೂಳು ಪರವಾಗಿಲ್ಲ, ಜೇಡರ ಬಲೆಯ ಹಾಗೆ ಎಳೆ ಕಂಡರೆ ಬೂಷ್ಟು, ಬಿಟ್ಟುಬಿಡಿ. ಮಂಗಳೂರು, ಮಲೆನಾಡಿನ ಮನೆಗಳ ಬೀರುವಿನಲ್ಲಿ ಹತ್ತು ಮಳೆಗಾಲ ಕಳೆದ ಲೆನ್ಸ್‌ಗಳಲ್ಲಂತೂ ಇದು ಮಾಮೂಲು. ಬೆಲೆ ಹೋಲಿಸುವಾಗ ತೆರಿಗೆಯನ್ನೂ ಸೇರಿಸಿ: ಮಿಷಿಗನ್‌ನಲ್ಲಿ ಶೇ 6, ಶಿಕಾಗೋ ನಗರದಲ್ಲಿ ಶೇ 10ಕ್ಕೂ ಮೇಲೆ.

"ಮಾವ ಹಳೇ ನಿಕಾನ್ ಲೆನ್ಸ್ ಕೊಟ್ಟಿದ್ದಾರೆ, ನಡೆಯುತ್ತಾ?" ನಡೆಯುತ್ತೆ, ಆದರೆ ಹೇಗೆ ಅನ್ನೋದು ನೋಡಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಗೆ ಜಾಗ ಬೇಕಿದ್ದರಿಂದ ನಿಕಾನ್ ಎಫ್ ಮೌಂಟ್‌ನಲ್ಲಿ ಲೆನ್ಸ್‌ಗೂ ಸೆನ್ಸರ್‌ಗೂ 46.5 ಮಿಮೀ ಅಂತರ. ಮಿರರ್‌ಲೆಸ್ ಝಡ್ ಮೌಂಟ್‌ನಲ್ಲಿ 16 ಮಿಮೀ. ನಡುವಿನ ಜಾಗಕ್ಕೆ ಅಡಾಪ್ಟರ್ ಕೊಳವೆ ಕೂರುತ್ತೆ, ಆದ್ದರಿಂದ ಹಳೇ ಲೆನ್ಸ್ ಹೊಸ ಬಾಡಿಗೆ ಹೊಂದುತ್ತೆ, ಹೊಸ ಲೆನ್ಸ್ ಹಳೇ ಬಾಡಿಗೆ ಹೊಂದಲ್ಲ. ಮೋಟಾರ್ ಇಲ್ಲದ ಎಎಫ್-ಡಿ ಲೆನ್ಸ್ ಆದರೆ ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಆಟೋಫೋಕಸ್ ಬರಲ್ಲ, ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಇಲ್ಲ. ಕೈಯಲ್ಲಿ ತಿರುಗಿಸಬೇಕು. ಮಾವನಿಗೆ ಥ್ಯಾಂಕ್ಸ್ ಹೇಳಿ, ಹೂವು ತೆಗೆಯಿರಿ.

ಇಲ್ಲಿಯ ಚಳಿಗೆ ಲೆನ್ಸ್‌ಗಿಂತ ಮೊದಲು ಬ್ಯಾಟರಿ ಸೋಲುತ್ತೆ. 2019ರ ಜನವರಿ 30ರಂದು ಶಿಕಾಗೋದಲ್ಲಿ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗಿತ್ತು. ಅಂಥ ದಿನ ಬೇಡ, ಮಾಮೂಲಿ ಫೆಬ್ರವರಿಯಲ್ಲೂ ಒಂದು ಬ್ಯಾಟರಿ ಕ್ಯಾಮೆರಾದಲ್ಲಿ, ಇನ್ನೊಂದು ಅಂಗಿಯ ಒಳಜೇಬಿನಲ್ಲಿ ಇರಲಿ. ಮನೆಯೊಳಗೆ ಬರೋ ಮೊದಲು ಹೊರಗೇ ಜಿಪ್‌ಲಾಕ್ ಚೀಲದಲ್ಲಿ ಹಾಕಿ ಮುಚ್ಚಿ. ಬೆವರೋದು ಚೀಲ, ಲೆನ್ಸ್ ಅಲ್ಲ. ಕಾರ್ಡ್ ಮಾತ್ರ ಮೊದಲೇ ಹೊರಗೆ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಫೋಟೋ ನೋಡೋಕೆ ಎರಡು ಗಂಟೆ ಚಡಪಡಿಸಬೇಕು.

ನನ್ನ 700 ಡಾಲರ್ ಹೀಗೆ ಹಂಚಿಟ್ಟಿದ್ದೇನೆ: ಅರ್ಧದಷ್ಟು ಸೆಕೆಂಡ್ ಹ್ಯಾಂಡ್ 85 ಮಿಮೀ ಎಫ್/1.8ಕ್ಕೆ, ಒಂದು ಹೆಚ್ಚಿನ ಬ್ಯಾಟರಿ, ಮೇ ತಿಂಗಳಲ್ಲಿ ಮಾಂಟ್ರೋಸ್‌ಗೆ ಒಂದು ವಾರಾಂತ್ಯ 150–600 ಬಾಡಿಗೆ, ಉಳಿದದ್ದು ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗಿನ ಖರ್ಚಿಗೆ. ಬಾಡಿ ಹಳೆಯದೇ. ಯುಗಾದಿ ಕಾರ್ಯಕ್ರಮಕ್ಕೆ ಸಂಘದ ಯಾರಿಗಾದರೂ 85 ಬೇಕಿದ್ದರೆ ಕೇಳಿ, ಕೊಡ್ತೀನಿ. ಹಿಂದಿನ ಕ್ಯಾಪ್ ಮತ್ತು ಹುಡ್ ಸಮೇತ ಸೋಮವಾರದೊಳಗೆ ವಾಪಸ್ ಬರಬೇಕು.