ಸ್ಪರ್ಶದ ಅರಿವು ಮತ್ತು ಪಾದಗಳ ರಕ್ಷಣೆ

ಷಟ್‌ಸ್ಥಲ ತತ್ತ್ವದಲ್ಲಿ ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗದ ಸಂಬಂಧವನ್ನು ಹೇಳಲಾಗಿದೆ. ತ್ವಗಿಂದ್ರಿಯವು ಜಂಗಮಲಿಂಗಕ್ಕೆ ಸೇರಿದುದು. ಈ ತ್ವಕ್ಕು, ಅಂದರೆ ಚರ್ಮವು, ಹೊರಗಿನ ಸುದ್ದಿಯನ್ನು ಒಳಗೆ ಹೇಗೆ ಮುಟ್ಟಿಸುತ್ತದೆ ಎಂಬುದನ್ನು ಆರೋಗ್ಯದ ದೃಷ್ಟಿಯಿಂದ ನೋಡೋಣ.

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅಡಿಕೆ ಒಣಗಿಸುವ ಅಂಗಳವು ಬೇಸಿಗೆಯ ಮಧ್ಯಾಹ್ನ ಕಾದ ಕಾವಲಿಯಂತಿರುತ್ತದೆ. ಬರಿಗಾಲು ಇಟ್ಟೊಡನೆ ಹಿಂದಕ್ಕೆ ಸೆಳೆದುಕೊಳ್ಳುತ್ತೇವೆ. ಚರ್ಮದಲ್ಲಿ ಹರಡಿರುವ ನರಗಳ ತುದಿಗಳೇ ಇದಕ್ಕೆ ಕಾರಣ. ಇವುಗಳನ್ನು ಸಂವೇದನಾ ಗ್ರಾಹಕಗಳೆನ್ನುತ್ತಾರೆ. ಒತ್ತಡ, ತಂಪು, ಬಿಸಿ, ನೋವುಗಳಿಗೆ ಬೇರೆ ಬೇರೆ ಗ್ರಾಹಕಗಳಿವೆ.

ಶಾಖವು ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದಾಗ ನರತುದಿಯಲ್ಲಿರುವ ಒಂದು ಪ್ರೋಟೀನಿನ ದ್ವಾರ ತೆರೆದುಕೊಳ್ಳುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಕಣಗಳು ಒಳನುಗ್ಗಿ ವಿದ್ಯುತ್ ಸಂಕೇತವೊಂದು ಹುಟ್ಟಿ ಬೆನ್ನುಹುರಿಗೆ ಸಾಗುತ್ತದೆ. ಮಿದುಳಿಗೆ ನೋವು ತಿಳಿಯುವ ಮೊದಲೇ ಬೆನ್ನುಹುರಿಯು ಕಾಲನ್ನು ಹಿಂದೆಗೆಯಿಸುತ್ತದೆ. ಗಾಂಧಾರಿ ಮೆಣಸಿನ ಖಾರವೂ ಇದೇ ದ್ವಾರವನ್ನು ತೆರೆಯುವುದರಿಂದ ಮೆಣಸು ಅರೆದ ಕೈ ಉರಿಯುತ್ತದೆ. ಈ ದ್ವಾರವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಮತ್ತು ಒತ್ತಡದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಕೊರಳಲ್ಲಿ ಧರಿಸಿದ ಶಿವದಾರದ ಸ್ಪರ್ಶ ಸ್ವಲ್ಪ ಹೊತ್ತಿನಲ್ಲಿ ಮರೆತುಹೋಗುತ್ತದೆ. ಬದಲಾಗದ ಸ್ಪರ್ಶಕ್ಕೆ ಗ್ರಾಹಕಗಳು ಬೇಗ ಒಗ್ಗಿಕೊಳ್ಳುತ್ತವೆ. ನೋವಿನ ಗ್ರಾಹಕಗಳು ಹಾಗಲ್ಲ; ಅಪಾಯವಿರುವವರೆಗೂ ಎಚ್ಚರಿಸುತ್ತಲೇ ಇರುತ್ತವೆ.

ಆದರೆ ಬಹುಕಾಲದ ಮಧುಮೇಹದಿಂದ ನರಗಳು ಹಾಳಾದಾಗ ಈ ಎಚ್ಚರಿಕೆ ನಿಂತುಹೋಗುತ್ತದೆ. ಉದ್ದವಾದ ನರಗಳಿಗೆ ಮೊದಲು ಪೆಟ್ಟು ಬೀಳುವುದರಿಂದ ಪಾದಗಳೇ ಮೊದಲು ಜೋಮು ಹಿಡಿಯುತ್ತವೆ. ಅಂಗಳದ ಬಿಸಿಗೆ ಬೊಬ್ಬೆ ಎದ್ದರೂ, ತೋಟದಲ್ಲಿ ಮುಳ್ಳು ನೆಟ್ಟರೂ ತಿಳಿಯುವುದಿಲ್ಲ. ಗಾಯ ಕೀವುಗೂಡಿ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ನೋವಿಲ್ಲವೆಂದು ಗಾಯವನ್ನು ಅಲಕ್ಷಿಸುವುದೇ ಇಲ್ಲಿ ದೊಡ್ಡ ತಪ್ಪು.

ಮಧುಮೇಹವುಳ್ಳ ಸದ್ಭಕ್ತರು ಪ್ರತಿದಿನ ಮಲಗುವ ಮುನ್ನ ಅಂಗಾಲು ಮತ್ತು ಬೆರಳ ಸಂದುಗಳನ್ನು ನೋಡಿಕೊಳ್ಳಬೇಕು. ಬಗ್ಗಲಾಗದವರು ಕನ್ನಡಿಯನ್ನೋ ಮನೆಯವರ ಸಹಾಯವನ್ನೋ ಪಡೆಯಬೇಕು. ಅಂಗಳದಲ್ಲಿಯೂ ಪಾದರಕ್ಷೆ ಬಿಡಬಾರದು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದದ ಸ್ಪರ್ಶಜ್ಞಾನದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸ್ಪರ್ಶ ತಿಳಿಯದ, ಬಣ್ಣಗುಂದಿದ ಮಚ್ಚೆ ಮೈಮೇಲೆ ಕಂಡರೆ ಅದು ಕುಷ್ಠರೋಗದ ಲಕ್ಷಣವಿರಬಹುದು. ಸಂಕೋಚಪಡದೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅದಕ್ಕೆ ಔಷಧಿ ಅಲ್ಲಿ ಉಚಿತವಾಗಿ ದೊರೆಯುತ್ತದೆ, ರೋಗವೂ ಪೂರ್ಣ ಗುಣವಾಗುತ್ತದೆ.

ಕಾಯಕಕ್ಕೆ ನಡೆದಾಡುವ ಕಾಲುಗಳು ಬೇಕು. ಅವುಗಳ ನೋವು ನಿಂತಾಗ ಕಣ್ಣಿನಿಂದಲಾದರೂ ಅವುಗಳನ್ನು ಕಾಯ್ದುಕೊಳ್ಳೋಣ.