ನಕಲು ಡಿಸ್ಕಿಗೆ ಹೊಸ ಹೆಸರು: ಮೇನ್‌ಫ್ರೇಮ್ ಕಲಿಸುವ ಪಾಠ

ಒಂದೇ ಕ್ರಮಾಂಕದ ಎರಡು ಬಿಲ್ಲುಗಳು ಒಂದೇ ವರ್ಷದ ಲೆಕ್ಕದಲ್ಲಿ ಕಾಣಿಸಿಕೊಂಡರೆ ಉಂಟಾಗುವ ತೊಡಕನ್ನು ವರ್ತಕ ಬಾಂಧವರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಎರಡೂ ಬಿಲ್ಲುಗಳು ಪ್ರತ್ಯೇಕವಾಗಿ ಸರಿಯಾಗಿಯೇ ಇರಬಹುದು. ಆದರೆ ಕ್ರಮಾಂಕ ಒಂದೇ ಆದುದರಿಂದ ಎರಡೂ ಸಂಶಯಕ್ಕೆ ಒಳಗಾಗುತ್ತವೆ. ಗಣಕಯಂತ್ರದ ಡಿಸ್ಕುಗಳ ವಿಷಯದಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ. ಬ್ಯಾಂಕು ಮತ್ತು ವಿಮಾ ಕ್ಷೇತ್ರಗಳು ಬಳಸುವ ಮೇನ್‌ಫ್ರೇಮ್ ಯಂತ್ರಗಳಲ್ಲಿ ಈ ತತ್ತ್ವವನ್ನು ಎಷ್ಟು ಶಿಸ್ತಿನಿಂದ ಪಾಲಿಸಲಾಗುತ್ತದೆ ಎಂಬುದನ್ನು ತಿಳಿಯುವುದು ನಮ್ಮ ಸಣ್ಣ ಕಚೇರಿಗಳಿಗೂ ಉಪಯುಕ್ತ.

ಡಿಸ್ಕಿನ ಗುರುತು

ಐಬಿಎಂ ಸಂಸ್ಥೆಯು 1964ರ ಏಪ್ರಿಲ್ 7ರಂದು ಸಿಸ್ಟಂ/360 ಎಂಬ ಯಂತ್ರಶ್ರೇಣಿಯನ್ನು ಪ್ರಕಟಿಸಿತು. ಆ ಪರಂಪರೆಯ ಇಂದಿನ ಯಂತ್ರಗಳಲ್ಲಿ ಝಡ್/ಓಎಸ್ ಎಂಬ ಕಾರ್ಯವ್ಯವಸ್ಥೆಯು ನಡೆಯುತ್ತದೆ. ಅಲ್ಲಿನ ಪ್ರತಿಯೊಂದು ಡಿಸ್ಕಿಗೂ, ಅಂದರೆ ವಾಲ್ಯೂಮಿಗೂ, ಗರಿಷ್ಠ 6 ಅಕ್ಷರಗಳ ಒಂದು ಹೆಸರಿರುತ್ತದೆ. ಡಿಸ್ಕಿನ ಪ್ರಾರಂಭದಲ್ಲಿಯೇ ಇರುವ 80 ಬೈಟುಗಳ ಲೇಬಲ್ಲಿನಲ್ಲಿ ಇದು ದಾಖಲಾಗಿರುತ್ತದೆ. ಯಾವ ಕಡತವು ಯಾವ ಡಿಸ್ಕಿನಲ್ಲಿದೆ ಎಂಬುದನ್ನು ಕ್ಯಾಟಲಾಗ್ ಎಂಬ ಕೇಂದ್ರ ಸೂಚಿಯು ಈ ಹೆಸರಿನ ಮೂಲಕವೇ ತಿಳಿಸುತ್ತದೆ. ಆದುದರಿಂದ ಒಂದೇ ಹೆಸರಿನ ಎರಡು ಡಿಸ್ಕುಗಳು ಏಕಕಾಲದಲ್ಲಿ ಬಳಕೆಯಲ್ಲಿರಲು ವ್ಯವಸ್ಥೆಯು ಅವಕಾಶ ನೀಡುವುದಿಲ್ಲ. ಯಂತ್ರವನ್ನು ಆರಂಭಿಸುವಾಗ ಅಂತಹ ಜೋಡಿ ಕಂಡುಬಂದರೆ, ಯಾವುದನ್ನು ಹೊರಗಿಡಬೇಕೆಂದು ನಿರ್ವಾಹಕರನ್ನೇ ಪ್ರಶ್ನಿಸುತ್ತದೆ.

ನಕಲು ಏಕೆ?

ಕಾರ್ಯವ್ಯವಸ್ಥೆಗೆ ಕಾಲಕಾಲಕ್ಕೆ ತಿದ್ದುಪಡಿಗಳನ್ನು ಸೇರಿಸಬೇಕಾಗುತ್ತದೆ. ನಡೆಯುತ್ತಿರುವ ಡಿಸ್ಕಿನ ಮೇಲೆಯೇ ತಿದ್ದುವುದು ಅಪಾಯಕರ. ಆದುದರಿಂದ ಸಿಸ್ಟಂ ಡಿಸ್ಕಿನ ಪೂರ್ಣ ನಕಲನ್ನು ತೆಗೆದು, ತಿದ್ದುಪಡಿಗಳನ್ನು ನಕಲಿಗೆ ಸೇರಿಸಿ, ಗೊತ್ತುಪಡಿಸಿದ ದಿನ ಯಂತ್ರವನ್ನು ಆ ನಕಲಿನಿಂದ ಆರಂಭಿಸುತ್ತಾರೆ. ತೊಂದರೆ ಕಂಡುಬಂದರೆ ಹಳೆಯ ಡಿಸ್ಕಿನಿಂದ ಮತ್ತೆ ಆರಂಭಿಸಬಹುದು. ಈ ಏರ್ಪಾಟು ಎಷ್ಟು ಸುರಕ್ಷಿತವೋ ಅಷ್ಟೇ ಸೂಕ್ಷ್ಮವೂ ಹೌದು. ಲೇಬಲ್ ಸಹಿತ ಮಾಡಿದ ಪೂರ್ಣ ನಕಲು, ಹೆಸರನ್ನೂ ನಕಲು ಮಾಡುತ್ತದೆ.

ಹೆಸರು ಬದಲಾಯಿಸುವ ಕ್ರಮ

ಮೂಲ ಡಿಸ್ಕಿನ ಹೆಸರು ಪಿಆರ್‌ಡಿ001 ಎಂದೂ ನಕಲಿಗೆ ನೀಡಬೇಕಾದ ಹೆಸರು ಸಿಎಲ್‌ಎನ್001 ಎಂದೂ ಭಾವಿಸೋಣ. ನಕಲು ಡಿಸ್ಕನ್ನು ಬಳಕೆಯಿಂದ ಹೊರಗಿಟ್ಟು, ಐಸಿಕೆಡಿಎಸ್‌ಎಫ್ ಎಂಬ ಉಪಕರಣಕ್ಕೆ ರಿಫಾರ್ಮ್ಯಾಟ್ ಆದೇಶವನ್ನು ನೀಡಲಾಗುತ್ತದೆ. ಆದೇಶದಲ್ಲಿ ಮೂರು ವಿವರಗಳಿರುತ್ತವೆ: ಡಿಸ್ಕಿನ ವಿಳಾಸ, ಈಗ ಅದರ ಮೇಲಿರಬೇಕಾದ ಹೆಸರು, ನೀಡಬೇಕಾದ ಹೊಸ ಹೆಸರು. ಎರಡನೆಯ ವಿವರವನ್ನು ವೆರಿಫೈ ಎನ್ನುತ್ತಾರೆ. ಆ ವಿಳಾಸದಲ್ಲಿರುವ ಡಿಸ್ಕಿನ ಹೆಸರು ಇದಕ್ಕೆ ಹೊಂದದಿದ್ದರೆ ಕೆಲಸವು ಅಲ್ಲಿಯೇ ನಿಲ್ಲುತ್ತದೆ. ಹೊಂದಿದರೂ, ಡಿಸ್ಕನ್ನು ಬದಲಾಯಿಸಲು ಒಪ್ಪಿಗೆಯಿದೆಯೇ ಎಂದು ನಿರ್ವಾಹಕರನ್ನು ಕೇಳಲಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೂಲಕ್ಕೂ ನಕಲಿಗೂ ಒಂದೇ ಹೆಸರಿರುವಾಗ, ಹೆಸರಿನ ತಾಳೆಯು ಎರಡರಲ್ಲಿಯೂ ಯಶಸ್ವಿಯಾಗಬಲ್ಲದು. ಆಗ ವಿಳಾಸವೇ ಏಕೈಕ ಆಧಾರ. ಆದುದರಿಂದಲೇ ವಿಳಾಸವನ್ನು ಒಬ್ಬರು ಬರೆದು, ಇನ್ನೊಬ್ಬರು ಪರಿಶೀಲಿಸುವ ಪದ್ಧತಿ ಯೋಗ್ಯವಾದುದು. ವೋಚರನ್ನು ಬರೆದವರೇ ಅದನ್ನು ಮಂಜೂರು ಮಾಡಬಾರದೆಂಬ ನಮ್ಮ ಆಂತರಿಕ ನಿಯಂತ್ರಣದ ನಿಯಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ರಟ್ಟು ಬದಲಾದರೆ ಸಾಲದು

ಲೇಬಲ್ ಬದಲಾಯಿಸುವುದೆಂದರೆ ಖಾತೆ ಪುಸ್ತಕದ ರಟ್ಟಿನ ಮೇಲಿನ ಹೆಸರನ್ನು ಬದಲಾಯಿಸಿದಂತೆ. ಒಳಗಿನ ಪುಟಗಳು ಬದಲಾಗುವುದಿಲ್ಲ. ಡಿಸ್ಕಿನೊಳಗಿನ ವಿಟಿಓಸಿ ಸೂಚಿ ಹಾಗೂ ವಿವಿಡಿಎಸ್ ಎಂಬ ಕಡತಗಳ ಹೆಸರುಗಳಲ್ಲಿ ಹಳೆಯ ಡಿಸ್ಕಿನ ಹೆಸರೇ ಉಳಿದಿರಬಹುದು. ಕ್ಯಾಟಲಾಗಿನಲ್ಲಿಯೂ ಕಡತಗಳು ಪಿಆರ್‌ಡಿ001ರಲ್ಲಿವೆ ಎಂದೇ ಇರುತ್ತದೆ. ಪರಿಣಾಮವೇನು? ನಕಲನ್ನು ತಿದ್ದುತ್ತಿದ್ದೇನೆಂದು ನಂಬಿದ ತಂತ್ರಜ್ಞನು, ಕ್ಯಾಟಲಾಗಿನ ದಾರಿ ಹಿಡಿದು ಹೋಗಿ, ನಡೆಯುತ್ತಿರುವ ಮೂಲವನ್ನೇ ತಿದ್ದಿಬಿಡುವ ಸಂಭವವಿದೆ. ಯಾವ ದೋಷದ ಸಂದೇಶವೂ ಬಾರದೆ ನಡೆಯುವ ಈ ತಪ್ಪೇ ಅತ್ಯಂತ ದುಬಾರಿಯಾದುದು.

ಇದಕ್ಕೆ ಮೇನ್‌ಫ್ರೇಮ್ ತಜ್ಞರು ಕಂಡುಕೊಂಡ ಉಪಾಯ ಸೊಗಸಾಗಿದೆ. ಸಿಸ್ಟಂ ಕಡತಗಳ ಮಟ್ಟಿಗೆ ಕ್ಯಾಟಲಾಗಿನಲ್ಲಿ ಡಿಸ್ಕಿನ ಹೆಸರಿನ ಬದಲಿಗೆ 6 ನಕ್ಷತ್ರ ಚಿಹ್ನೆಗಳನ್ನು ಬರೆದಿರುತ್ತಾರೆ. ಅದರ ಅರ್ಥ: ಯಂತ್ರವು ಯಾವ ಡಿಸ್ಕಿನಿಂದ ಆರಂಭವಾಯಿತೋ ಅದೇ ಡಿಸ್ಕು. ಹೀಗಾದಾಗ ಡಿಸ್ಕಿನ ಹೆಸರು ಬದಲಾದರೂ ಅಂತಹ ನಮೂದುಗಳನ್ನು ತಿದ್ದುವ ಅಗತ್ಯ ಬೀಳುವುದಿಲ್ಲ.

ನಮಗೇನು ಸಂಬಂಧ?

ನಮ್ಮ ಸದಸ್ಯರಲ್ಲಿ ಬಹುತೇಕರ ಲೆಕ್ಕವು ಒಂದು ಸಾಧಾರಣ ಸರ್ವರಿನಲ್ಲಿರುತ್ತದೆ. ವಿಂಡೋಸ್ ವ್ಯವಸ್ಥೆಯೂ ಪ್ರತಿ ಡಿಸ್ಕಿಗೆ ಒಂದು ಗುರುತನ್ನು ನೀಡುತ್ತದೆ. ತದ್ರೂಪ ನಕಲನ್ನು ಅದೇ ಯಂತ್ರಕ್ಕೆ ಜೋಡಿಸಿದರೆ ಗುರುತುಗಳು ಘರ್ಷಿಸಿ, ಒಂದನ್ನು ಬಳಕೆಯಿಂದ ಹೊರಗಿಡುತ್ತದೆ. ಆದರೆ ಲೆಕ್ಕದ ಫೋಲ್ಡರನ್ನು ಮಾತ್ರ ನಕಲು ಮಾಡಿದಾಗ ಎಚ್ಚರಿಸುವವರು ಯಾರೂ ಇಲ್ಲ. ಸರ್ವರು ಬದಲಾದ ಮೇಲೂ ಗುಮಾಸ್ತರೊಬ್ಬರ ಯಂತ್ರದ ಹಳೆಯ ಶಾರ್ಟ್‌ಕಟ್ ಹಳೆಯ ನಕಲನ್ನೇ ತೆರೆಯುತ್ತಿದ್ದರೆ, 151ನೆಯ ಬಿಲ್ಲು ಎರಡು ಕಡೆ ಹುಟ್ಟುತ್ತದೆ. ಜಿಎಸ್‌ಟಿ ನಿಯಮಗಳ 46ನೆಯ ನಿಯಮದಂತೆ ಇನ್‌ವಾಯ್ಸ್ ಕ್ರಮಾಂಕವು ಆರ್ಥಿಕ ವರ್ಷದಲ್ಲಿ ಅನನ್ಯವಾಗಿರಬೇಕು. ಎರಡು ನಕಲುಗಳನ್ನು ಮತ್ತೆ ಒಂದುಗೂಡಿಸುವ ಕೆಲಸವು ವೋಚರುಗಳನ್ನು ಒಂದೊಂದಾಗಿ ತಾಳೆ ನೋಡದೆ ಮುಗಿಯುವುದಿಲ್ಲ.

ಕಾನೂನಿನ ನಿಟ್ಟಿನಿಂದಲೂ ವಿಷಯ ಗಂಭೀರ. ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸಬೇಕೆಂದು 2022ರ ತಿದ್ದುಪಡಿ ವಿಧಿಸಿತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ದಾಖಲಾಗಬೇಕು. ಲೆಕ್ಕಪುಸ್ತಕಗಳನ್ನು ಕಂಪನಿಗಳು 8 ಆರ್ಥಿಕ ವರ್ಷಗಳ ಕಾಲ ಕಾಯ್ದಿಡಬೇಕು. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಅಂತಿಮ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಇಷ್ಟು ದೀರ್ಘಕಾಲ ಹೆಸರಿಲ್ಲದ ನಕಲುಗಳು ರಾಶಿಬಿದ್ದರೆ, ಅಧಿಕೃತ ಪುಸ್ತಕ ಯಾವುದೆಂದು ಮಾಲೀಕರೇ ಹೇಳಲಾರರು.

ಪಾಲಿಸಬೇಕಾದ ಕ್ರಮಗಳು

1. ನಕಲು ತೆಗೆದ ತಕ್ಷಣ, ಬಳಸುವ ಮುನ್ನವೇ, ದಿನಾಂಕ ಮತ್ತು ಉದ್ದೇಶ ತಿಳಿಸುವ ಬೇರೆ ಹೆಸರನ್ನು ನೀಡಿರಿ.

2. ಹೆಸರು ಬದಲಾಯಿಸುವ ಮೊದಲು, ಕೈಯಲ್ಲಿರುವುದು ಮೂಲವೋ ನಕಲೋ ಎಂಬುದನ್ನು ಇಬ್ಬರು ಖಚಿತಪಡಿಸಿಕೊಳ್ಳಲಿ.

3. ಹಳೆಯ ಹೆಸರು ಎಲ್ಲೆಲ್ಲಿ ಬಳಕೆಯಲ್ಲಿದೆ ಎಂಬುದನ್ನು ಪಟ್ಟಿ ಮಾಡಿರಿ: ಶಾರ್ಟ್‌ಕಟ್ಟುಗಳು, ಬ್ಯಾಕಪ್ ಆದೇಶಗಳು, ಶಾಖೆಗಳ ಸಂಪರ್ಕಗಳು. ಸಾಧ್ಯವಾದಷ್ಟೂ ವಿಳಾಸವನ್ನು ಒಂದೇ ಕಡೆ ಬರೆದಿಡಿರಿ.

4. ಉಳಿಸಿಕೊಂಡ ನಕಲಿನಲ್ಲಿ ನಮೂದು ಮಾಡಲಾಗದಂತೆ ನಿರ್ಬಂಧಿಸಿರಿ.

5. ನಕಲುಗಳಿಗೊಂದು ರಿಜಿಸ್ಟರು ಇರಲಿ: ಹೆಸರು, ದಿನಾಂಕ, ಸ್ಥಳ, ತೆಗೆದವರ ಸಹಿ, ಪರಿಶೀಲಿಸಿದವರ ಸಹಿ.

ಐದನೆಯ ಕ್ರಮಕ್ಕೆ ಒಂದು ನೋಟುಪುಸ್ತಕದ ಹೊರತು ಬೇರೆ ಖರ್ಚಿಲ್ಲ. ಅಂದಂದಿನ ಕಿರ್ದಿಯನ್ನು ಅಂದಂದೇ ಬರೆಯುವ ಅಭ್ಯಾಸವಿರುವ ಸಂಸ್ಥೆಗಳಿಗೆ ಇದು ಹೊಸ ಹೊರೆಯೂ ಆಗಲಾರದು. ವರ್ಷಾಂತ್ಯದ ಪರಿಶೋಧನೆ ಆರಂಭವಾಗುವ ಮುನ್ನವೇ ಸದಸ್ಯರು ತಮ್ಮ ಕಚೇರಿಯ ನಕಲುಗಳನ್ನು ಎಣಿಸಿ, ಪ್ರತಿಯೊಂದಕ್ಕೂ ಹೆಸರಿಟ್ಟು, ಈ ರಿಜಿಸ್ಟರಿನ ಮೊದಲ ಪುಟವನ್ನು ತುಂಬಿಸುವುದು ಸೂಕ್ತ.