ಕಡಿದ ಎಳೆ: ‘ತಿದ್ದಿ ಸರಿಮಾಡು’ ಅಂದರೆ ಏನು? (ಗಲಾತ್ಯ 6:1)

ಗಲಾತ್ಯದವರಿಗೆ ಬರೆದ ಪತ್ರಿಕೆ, 6ನೇ ಅಧ್ಯಾಯ, 1ನೇ ವಚನ ತೆಗೆಯಿರಿ. ಯಾರಾದರೂ ತಪ್ಪಿನಲ್ಲಿ ಸಿಕ್ಕಿಬಿದ್ದರೆ ಆತ್ಮನಿಂದ ನಡೆಯುವವರು ಏನು ಮಾಡಬೇಕು ಅಂತ ಪೌಲನು ಅಲ್ಲಿ ಹೇಳ್ತಾನೆ: ಅವನನ್ನು ತಿದ್ದಿ ಸರಿಮಾಡಬೇಕು. ಇವತ್ತು ಈ ಒಂದೇ ಕ್ರಿಯಾಪದ ಕಲಿಯೋಣ.

ನಮ್ಮ ಮಾತಿನಲ್ಲಿ ‘ಇರು, ಅವನನ್ನ ಸರಿಮಾಡ್ತೀನಿ’ ಅಂದರೆ ಅದು ಬೆದರಿಕೆ. ಪೌಲನ ಅರ್ಥ ಅದಲ್ಲ. ಅವನು ಬಳಸಿದ ಗ್ರೀಕ್ ಪದ ‘ಕಟಾರ್ಟಿಝೋ’. ಮಾರ್ಕ 1:19ರಲ್ಲಿ ಯಾಕೋಬ, ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡ್ತಿದ್ದರಲ್ಲ, ಅಲ್ಲೂ ಇದೇ ಪದ. ಜಾರಿದ ಮೂಳೆಯನ್ನು ಕೂರಿಸುವುದಕ್ಕೆ ಗ್ರೀಕ್ ವೈದ್ಯರು ಹೇಳ್ತಿದ್ದ ಪದವೂ ಇದರ ಮೂಲದ್ದೇ. ಅಂದರೆ, ಹಾಳಾದದ್ದನ್ನು ಮತ್ತೆ ಕೆಲಸಕ್ಕೆ ಬರುವ ಹಾಗೆ ಅದರ ಜಾಗಕ್ಕೆ ತರುವುದು.

ಚಿತ್ರದುರ್ಗ ಜಿಲ್ಲೆಯ ಎರಡು ಊರು ನೆನಪಿಸಿಕೊಳ್ಳಿ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಶೇಂಗಾ ಹಸನು ಮಾಡುವಾಗ ಕೆಟ್ಟ ಬೀಜ ಆರಿಸಿ ಆಚೆ ಹಾಕ್ತಾರೆ. ಬೀಜಕ್ಕೆ ಅದು ಸರಿ. ಪಕ್ಕದ ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ಆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹಾಸಿನಲ್ಲಿ ಒಂದು ಎಳೆ ಕಡಿದರೆ ನೇಕಾರರು ಸೀರೆ ಎಸೆಯಲ್ಲ. ಕಡಿದೇ ಇಲ್ಲ ಅನ್ನೋ ಹಾಗೆ ಮುಂದೆ ಹೋಗೋದೂ ಇಲ್ಲ. ಹೋದರೆ ಬಟ್ಟೆಯಲ್ಲಿ ಗೆರೆ ಬೀಳುತ್ತೆ. ಲಾಳಿ ನಿಲ್ಲಿಸ್ತಾರೆ. ತುದಿ ಹುಡುಕಿ, ಮೆಲ್ಲಗೆ ಗಂಟು ಹಾಕಿ, ಎಳೆಯನ್ನ ಅದರ ಸಾಲಿಗೇ ತರ್ತಾರೆ. ಜೋರು ಮಾಡಿದರೆ ಪಕ್ಕದ ಎಳೆಯೂ ಹೋಗುತ್ತೆ. ಶಾಂತಭಾವದಿಂದ ಸರಿಮಾಡಿ ಅಂತ ಪೌಲನು ಹೇಳೋದೂ ಹೀಗೇ.

ಈಗ ನಮ್ಮ ವಿಷಯ. ಊರು ಬಿಟ್ಟು ಬೆಂಗಳೂರಿಗೆ ಬಂದ ಒಬ್ಬ ತಮ್ಮ ಆನ್‌ಲೈನ್ ಬೆಟ್ಟಿಂಗ್‌ನಲ್ಲಿ ಸಾಲ ಮಾಡಿಕೊಂಡ ಅಂತ ಇಟ್ಟುಕೊಳ್ಳಿ. ಗಾಯನ ತಂಡದಿಂದ ತೆಗೀತೀವಿ. ‘ಅವನಿಗೋಸ್ಕರ ಪ್ರಾರ್ಥಿಸಿ’ ಅಂತ ಹೇಳ್ತಾ ಅವನ ಕಥೆಯನ್ನೆಲ್ಲ ವಾಟ್ಸಾಪ್‌ನಲ್ಲಿ ಹಂಚ್ತೀವಿ. ಅವನಿಗೆ ಮಾತ್ರ ಯಾರೂ ಫೋನ್ ಮಾಡಲ್ಲ. ಇದು ಶೇಂಗಾ ಆರಿಸೋ ಕೆಲಸ, ಎಳೆ ಸೇರಿಸೋ ಕೆಲಸ ಅಲ್ಲ.

ಹಾಗಂತ ಸರಿಮಾಡುವುದು ಅಂದರೆ ಮುಚ್ಚಿಹಾಕುವುದಲ್ಲ. ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದನ್ನ ನಾಲ್ಕರಷ್ಟು ಹಿಂದಕ್ಕೆ ಕೊಡ್ತೀನಿ ಅಂದ (ಲೂಕ 19:8). ಒಬ್ಬರಿಗೆ ಅನ್ಯಾಯ, ಹಿಂಸೆ ಆಗಿದ್ದರೆ ಮೊದಲು ಅವರ ಪಕ್ಕ ನಿಲ್ಲಬೇಕು. ಪೊಲೀಸರಿಗೆ ಹೋಗಬೇಕಾದ ವಿಷಯ ಪೊಲೀಸರಿಗೇ ಹೋಗಬೇಕು. ಕಡಿದ ಜಾಗ ನೋಡದೆ ಗಂಟು ಹಾಕೋಕಾಗಲ್ಲ.

ಇನ್ನೊಂದು ಗಮನಿಸಿ. ಮೂಲದಲ್ಲಿ ಈ ಆಜ್ಞೆ ಬಹುವಚನದಲ್ಲಿದೆ. ಪಾಸ್ಟರ್ ಒಬ್ಬರಿಗಲ್ಲ, ನಮಗೆಲ್ಲ. ಕ್ರಿಯಾಪದದ ರೂಪವೂ ಮಾಡ್ತಾ ಇರಿ ಅನ್ನೋ ಥರದ್ದು. ಒಂದು ಮೀಟಿಂಗ್‌ನಲ್ಲಿ ಮುಗಿಯಲ್ಲ. ನೀನೂ ಶೋಧನೆಗೆ ಒಳಗಾಗದಂತೆ ನೋಡಿಕೋ ಅನ್ನೋ ಎಚ್ಚರಿಕೆಯೂ ಜೊತೆಗಿದೆ. ನಾವೂ ಅದೇ ಹಾಸಿನ ಎಳೆಗಳು.

ಮೂರು ಸಾರಿ ‘ಅರಿಯೆ’ ಅಂದ ಪೇತ್ರನನ್ನು ಯೇಸು ಮೂರು ಸಾರಿ ಪ್ರೀತಿಯ ಬಗ್ಗೆ ಕೇಳಿದನು. ಆಮೇಲೆ ಕುರಿಗಳನ್ನೇ ಅವನ ಕೈಗೆ ಒಪ್ಪಿಸಿದನು (ಯೋಹಾನ 21). ಕ್ಷಮಿಸಿ ಮೂಲೆಯಲ್ಲಿ ಕೂರಿಸಲಿಲ್ಲ.

ಈ ವಾರ ಸಭೆಗೆ ಬರೋದು ಬಿಟ್ಟಿರುವ ಒಬ್ಬರಿಗೆ ಫೋನ್ ಮಾಡಿ. ಉಪದೇಶ ಬೇಡ. ಮೊದಲು ‘ಊಟ ಆಯ್ತಾ?’ ಅಂತ ಕೇಳಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮನ್ನು ಬಿಟ್ಟುಬಿಡದೆ ಹಿಡಿದು ಸೇರಿಸಿದ ನಿನ್ನ ಕೈಗಳ ಮೆಲ್ಲನೆಯ ಗುಣವನ್ನು ನಮ್ಮ ಕೈಗಳಿಗೂ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.